ತಟ್ಟೆ ಬೋರಲು ಹಾಕದ ಮನೆ

ಆ ಬೆಳಿಗ್ಗೆಯವರೆಗೆ ನಾನು ಗಂಡನ ಊರಾದ ಅತ್ತಿಗುಂಡಿಯವಳೇ ಆಗಿಬಿಟ್ಟೆ ಎಂದುಕೊಂಡಿದ್ದೆ. ದೀಪಾವಳಿಗೆ ಬಂದ ನೆಂಟರು ಹೊರಟಿದ್ದರು. ಅತ್ತೆ ಕಡುಬು ಮುರಿದು ಬಾಯಿಗೆ ಹಾಕಿಕೊಳ್ಳುತ್ತ, "ದಾವಣಗೆರೆಯೋಳು ಆರು ತಿಂಗ್ಳಿಗೇ ಕಡುಬು ಕಲ್ತಳಲ್ಲ! ನಂಗೆ ಮೂರು ಮಳೆಗಾಲ ಬೇಕಾಯ್ತು ಮಾರಾಯ್ತಿ" ಎಂದು ನಕ್ಕರು.

ಅತ್ತೆ ಹಂಗೇರಿ ದೇಶದವರು. ಬುಡಾಪೆಸ್ಟ್‌ನಿಂದ ತಪ್ಪಿಸಿಕೊಂಡು ಹೋಗಿ, ಇಂಗ್ಲೆಂಡಿನಲ್ಲಿ ಓದುತ್ತಿದ್ದ ನಮ್ಮ ಮಾವನವರನ್ನು ಮದುವೆಯಾಗಿ ಈ ಕಾಫಿ ತೋಟಕ್ಕೆ ಬಂದವರು. ಆಳುಗಳ ಬಾಯಲ್ಲಿ ಇಲೋನಮ್ಮ. ಓಡಿಬಂದ ಕಾರಣವನ್ನು ನನಗೆ ಯಾರೂ ಹೇಳಿರಲಿಲ್ಲ.

ನಮ್ಮೂರಲ್ಲಿ ಬಿಸಿಲು ಬೇಡವೆಂದರೂ ಅಂಗಳ ಬಿಟ್ಟು ಹೋಗುವುದಿಲ್ಲ. ಇಲ್ಲಿ ಮಳೆಗಾಲ ಕಳೆದು ಬಿಸಿಲು ಬಿದ್ದರೆ ಹಬ್ಬ. ಕಾಫಿ ಹಣ್ಣು ಒಣಗಿಸುವ ಕಣ ಖಾಲಿ ಇತ್ತು. ತೊಳೆದ ಪಿಂಗಾಣಿ ತಟ್ಟೆಗಳನ್ನೆಲ್ಲ ನನ್ನ ತವರಿನ ರೂಢಿಯಂತೆ ಅಲ್ಲಿ ಸಾಲಾಗಿ ಬೋರಲು ಹಾಕಿದೆ. ಕೆಳಗಿನ ಏರಿನಲ್ಲಿ ತೋಟದ ಟ್ರ್ಯಾಕ್ಟರ್ ಗುಡುಗುತ್ತ ಬರುತ್ತಿತ್ತು.

ಅತ್ತೆ ಜಗುಲಿಗೆ ಬಂದವರು ತಟ್ಟೆಗಳನ್ನು ಕಂಡು ನಿಂತುಬಿಟ್ಟರು. ಮರುಕ್ಷಣ ನನ್ನ ರಟ್ಟೆ ಹಿಡಿದೆಳೆದು ಗೋಡೆಯ ಮರೆಗೆ ಕೆಡವಿ, ನನ್ನ ಮೇಲೆ ಬಿದ್ದುಕೊಂಡರು. ನನ್ನ ಮೊಣಕೈ ತರಚಿ ರಕ್ತ ಬಂತು.

"ಅತ್ತೆ, ಏನಾತ್ರೀ? ಅದು ನಮ್ಮ ಟ್ರ್ಯಾಕ್ಟರ್!"

ಟ್ರ್ಯಾಕ್ಟರ್ ನಿಂತಿತು. ಅತ್ತೆ ಎದ್ದು ಒಂದೊಂದೇ ತಟ್ಟೆಯನ್ನು ಅಂಗಾತ ಮಾಡಿದರು. ಆಮೇಲೆ ನನ್ನ ಮೊಣಕೈಗೆ ಅರಿಶಿನ ಒತ್ತುತ್ತ ಹೇಳಿದರು.

"ಐವತ್ತಾರನೇ ಇಸವಿ. ಕಮ್ಯುನಿಸ್ಟ್ ಸರ್ಕಾರ ಬೇಡ ಅಂತ ಊರಿಗೆ ಊರೇ ಎದ್ದಿತ್ತು. ರಷ್ಯಾದ ಟ್ಯಾಂಕ್ ಬಂದ್ವು. ನಾವು ಹೆಂಗಸ್ರು ರಸ್ತೆ ತುಂಬ ಸೂಪಿನ ತಟ್ಟೆ ಬೋರಲು ಹಾಕಿದ್ವಿ. ದೂರಕ್ಕೆ ನೆಲಬಾಂಬ್ ಥರ ಕಾಣ್ತದೆ. ಟ್ಯಾಂಕ್ ನಿಲ್ತು. ನನ್ನ ತಮ್ಮ ಲಾಟ್ಸಿ ಕಿಟಕಿಯಿಂದ ಪೆಟ್ರೋಲ್ ಬಾಟ್ಲಿ ಹಚ್ಚಿ ಎಸೆದ. ಒಳಗಿದ್ದ ಸೈನಿಕ ಮೈಯೆಲ್ಲ ಉರೀತಾ ನಮ್ಮ ತಟ್ಟೆ ಮೇಲೇ ಬಿದ್ದ. ಅವ್ನಿಗೂ ಮೀಸೆ ಸರಿಯಾಗಿ ಬಂದಿರ್ಲಿಲ್ಲ."

"ಆಮೇಲೆ?"

"ಹಿಂದಿನ ಟ್ಯಾಂಕ್ ನಿಲ್ಲಲಿಲ್ಲ. ತಟ್ಟೆ, ಆ ಸೈನಿಕ, ಎಲ್ಲ ಅರೆದ್ಕೊಂಡು ಬಂದು ನಮ್ಮ ಮನೆಗೇ ಗುಂಡು ಹೊಡೀತು. ಅಮ್ಮ ಗೋಡೆ ಅಡೀಲಿ ಹೋದ್ಳು. ಲಾಟ್ಸೀನ ಹಿಡ್ಕೊಂಡು ಹೋಗಿ ಗಲ್ಲಿಗೆ ಹಾಕಿದ್ರು. ಅಂಥೋರನ್ನೆಲ್ಲ ಟಾರು ಕಾಗದದಲ್ಲಿ ಸುತ್ತಿ, ತಂತಿ ಬಿಗಿದು, ಮುಖ ಕೆಳಗೆ ಮಾಡಿ ಹೂತಿದ್ರಂತೆ, ಈಗ ಅಗೆದಾಗ ಗೊತ್ತಾಯ್ತು. ಅವನನ್ನ ಎಲ್ಲಿ ಅಂತ ಹೇಳಲಿಲ್ಲ."

ಅಲ್ಲಿ ಆ ಸರ್ಕಾರ ಬಿದ್ದು, ಗುಂಡಿಗಳನ್ನು ಅಗೆದು ಸತ್ತವರ ಗುರುತು ಹಿಡಿಯುತ್ತಿದ್ದ ಕಾಲ ಅದು. ಮರುವರ್ಷ ಅತ್ತೆ ಬುಡಾಪೆಸ್ಟ್‌ಗೆ ಹೋಗಿಬಂದರು. ಬೋರಲು ಬಿದ್ದ ಮೂಳೆಗಳ ವಿಷಯ ಕೇಳಿದರು, ಸಿಕ್ಕವರ ಹೆಸರುಗಳನ್ನೆಲ್ಲ ಓದಿಸಿಕೊಂಡರು. ತಮ್ಮನ ಹೆಸರು ಇರಲಿಲ್ಲ.

"ಅಲ್ಲಿ ಅಂಗಡೀಲಿ ಒಬ್ಬ, 'ನಮ್ಮ ಭಾಷೆ ಚೆನ್ನಾಗಿ ಮಾತಾಡ್ತೀರಲ್ಲ, ಯಾವ ದೇಶ?' ಅಂದ ಮಾರಾಯ್ತಿ. ಚಿಕ್ಕಮಗಳೂರು ಪೇಟೇಲೂ ನಂಗೆ ಅದನ್ನೇ ಕೇಳ್ತಾರೆ" ಎಂದರು. ಈ ಸಲ ನಗಲಿಲ್ಲ.

ಕೆಲವು ವರ್ಷಗಳ ಮೇಲೆ ಹಾಸಿಗೆ ಹಿಡಿದಾಗ ನನ್ನ ಕೈ ಬಿಡದೆ, "ನಿಮ್ಮೋರು ಕೂರಿಸಿ ಮಣ್ಣು ಮಾಡ್ತಾರಲ್ಲ, ನಂಗೂ ಹಂಗೇ ಮಾಡಿ. ಮಲಗಿಸ್ಬೇಡಿ" ಎಂದರು. ಅವರು ತೀರಿಕೊಂಡ ದಿನ, "ಲಿಂಗದೀಕ್ಷೆ ಆಗದೋರಿಗೆ ಅದೆಂಥ ಶಾಸ್ತ್ರ?" ಎಂದು ನೆಂಟರು ಗೊಣಗಿದರು. ನನ್ನ ಗಂಡ ಗುದ್ದಲಿ ತೆಗೆದುಕೊಂಡು ಮಾವನವರ ಗದ್ದುಗೆಯ ಪಕ್ಕ ಅಗೆಯತೊಡಗಿದರು. ಅತ್ತೆಯನ್ನು ಮುಖ ಎತ್ತಿ ಕೂರಿಸಿದೆವು.

ದಾವಣಗೆರೆಗೆ ಹೋದಾಗ ನನ್ನ ಕೈ ತಾನಾಗಿ ಅವ್ವ ಬೋರಲು ಹಾಕಿದ ತಟ್ಟೆಗಳನ್ನು ತಿರುಗಿಸುತ್ತದೆ. "ನೀರು ಬಸಿಯಾದು ಬ್ಯಾಡೇನ? ನೀ ಯಾವೂರಾಕಿ ಆದ್ಯವ್ವಾ?" ಎನ್ನುತ್ತಾಳೆ ಅವ್ವ. ಅತ್ತಿಗುಂಡಿ ಎನ್ನಲು ಬಾಯಿ ಬರುವುದಿಲ್ಲ, ಅಲ್ಲೀಗ ಅತ್ತೆ ಇಲ್ಲ. ನಮ್ಮ ಮನೆಯಲ್ಲಿ ತಟ್ಟೆಗಳು ಇಂದಿಗೂ ಅಂಗಾತವೇ ಒಣಗುತ್ತವೆ.

ಲಾಟ್ಸಿ ಇನ್ನೂ ಸಿಕ್ಕಿಲ್ಲ.