ಜನರಲ್‌ಗೆ ಹಾಕಿದ ಹಾರ

ಯಾರಾದರೂ ಶಕುನದ ಕಥೆ ತೆಗೆದರೆ ಎದ್ದು ಒಲೆ ನೋಡಲು ಹೋಗುತ್ತಿದ್ದವಳು ನಾನು. ಈಗಲೂ ಅಂಥ ದೊಡ್ಡ ನಂಬಿಕೆಯೇನಿಲ್ಲ. ಆದರೆ ಎಪ್ಪತ್ತರ ದಶಕದಲ್ಲಿ ನಾವು ಶಿಕಾಗೋ ಪಕ್ಕದ ಸ್ಕೋಕಿಯಲ್ಲಿದ್ದಾಗ ನಡೆದ ಒಂದು ಸಂಗತಿ ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ಎಲೆನಾ ಎಂಬಾಕೆ ಒಬ್ಬಳೇ ಇದ್ದಳು. ದಕ್ಷಿಣ ಅಮೆರಿಕದ ಒಂದು ಪುಟ್ಟ ದೇಶದವಳು, ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಡೆಟ್ರಾಯಿಟ್‌ನಲ್ಲಿದ್ದ ಅಕ್ಕನ ಮಗಳನ್ನು ನೋಡಲು ಹೋಗುವಾಗ, ಗಿಡಗಳಿಗೆ ನೀರು ಹಾಕು ಎಂದು ನನಗೆ ಬೀಗದ ಕೈ ಕೊಟ್ಟು ಹೋಗುತ್ತಿದ್ದಳು.

ಆ ಸಲ ಅವಳು ಹೋದ ಮರುದಿನವೇ ಮಹಾಲಯ ಅಮಾವಾಸ್ಯೆ. ಅತ್ತೆ ಮಾವನವರ ಫೋಟೋಗಳಿಗೆ ಹಾರ ಹಾಕಿದ ಮೇಲೂ ನಾನು ಕಟ್ಟಿದ್ದ ಸೇವಂತಿಗೆ ಒಂದು ಮೊಳ ಉಳಿಯಿತು. ಎಲೆನಾಳ ಹಾಲ್‌ನಲ್ಲಿ ಎದೆ ತುಂಬ ಪದಕ ತೊಟ್ಟ ಮುದುಕನ ದೊಡ್ಡ ಫೋಟೋ ಇತ್ತು. ತೀರಿಕೊಂಡ ಅವಳ ತಂದೆ ಎಂದೇ ತಿಳಿದಿದ್ದೆ. ಪಾಪ, ಹಬ್ಬದ ದಿನವೂ ಒಂದು ಹೂ ಇಲ್ಲ ಎನಿಸಿ, ಸ್ಟೂಲ್ ಹತ್ತಿ ಹಾರ ಹಾಕಿ ಕೈ ಮುಗಿದೆ. ಮೇಲೆ ಬಂದು ಎಂದಿನಂತೆ ಕ್ಯಾಲೆಂಡರಿನಲ್ಲಿ ಬರೆದೆ: ಮಧ್ಯಾಹ್ನ ಎರಡು ಹತ್ತು, ಎಲೆನಾ ಗಿಡ, ಹಾಲು ತರಬೇಕು.

ಮರುದಿನ ಸಂಜೆ ಡೆಟ್ರಾಯಿಟ್‌ನಿಂದ ವಾಪಸ್ ಬಂದ ಎಲೆನಾ ಬಾಗಿಲು ತಟ್ಟಿದಳು. ಹಾರ ಅವಳ ಕೈಯಲ್ಲಿತ್ತು.

"ಇದನ್ನ ಯಾಕೆ ಹಾಕಿದೆ?"

"ನಿನ್ನ ತಂದೆ ಅಲ್ವಾ? ನಮ್ಮಲ್ಲಿ ತೀರಿಕೊಂಡವರ ಫೋಟೋಗೆ ಹಾಕ್ತೀವಿ. ಬದುಕಿರೋರಿಗೆ ಹಾಕಲ್ಲ."

ಅವಳು ಕುರ್ಚಿ ಎಳೆದುಕೊಂಡು ಕೂತಳು. "ತಂದೆ ಅಲ್ಲ. ನಮ್ಮ ದೇಶ ಆಳ್ತಿದ್ದ ಜನರಲ್. ನಿನ್ನೆ ಊಟಕ್ಕೆ ಕೂತಲ್ಲೇ ಸತ್ತನಂತೆ. ಇಲ್ಲಿಯ ಲೆಕ್ಕದಲ್ಲಿ ಎರಡು ಗಂಟೆ ದಾಟಿತ್ತು."

ನಾನು ಕ್ಯಾಲೆಂಡರ್ ನೋಡಿದೆ. ಎರಡು ಹತ್ತು.

ಅವಳ ತಮ್ಮ ಏಳು ವರ್ಷದಿಂದ ಆ ಜನರಲ್‌ನ ಜೈಲಿನಲ್ಲಿದ್ದನಂತೆ. ಶಿಕಾಗೋಗೆ ಬಂದ ಅವಳ ಊರಿನವರು ಯಾರ ಮನೆಯ ಗೋಡೆಯಲ್ಲಿ ಜನರಲ್‌ನ ಫೋಟೋ ಇಲ್ಲವೆಂದು ಅಲ್ಲಿಗೆ ಸುದ್ದಿ ಮುಟ್ಟಿಸುತ್ತಿದ್ದರಂತೆ. ತಮ್ಮನ ಜೀವಕ್ಕೆ ಹೆದರಿ ಅದನ್ನು ತೂಗುಹಾಕಿ, ದಿನವೂ ಗಾಜು ಒರೆಸುತ್ತಿದ್ದಳು.

ಅಲ್ಲೇ ಕೂತಿದ್ದ ನಮ್ಮ ಯಜಮಾನರು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ವಯಸ್ಸಾಗಿತ್ತು, ಹೋದ. ಆದ್ರೂ ನೀನು ನನ್ನ ಫೋಟೋ ತಂಟೆಗೆ ಬರಬೇಡ ಕಣೇ" ಎಂದರು. ಕಾಯಿಲೆ ಇತ್ತೇನೋ ಎಂದು ಅವಳನ್ನು ಕೇಳಿದೆ. "ಏನೂ ಇರಲಿಲ್ಲ. ಹಿಂದಿನ ದಿನ ಕುದುರೆ ಹತ್ತಿದ್ದ" ಎಂದಳು.

ಆಮೇಲೆ ಪರ್ಸಿನಿಂದ ಒಂದು ಪುಟ್ಟ ಫೋಟೋ ತೆಗೆದಳು. ತಮ್ಮನದು. "ಈಗ ಜೈಲಿನ ಬಾಗಿಲು ತೆಗೀತಾರೋ, ಒಳಗಿರೋರನ್ನೆಲ್ಲ ಮುಗಿಸಿಬಿಡ್ತಾರೋ. ಬದುಕಿರೋರು ಮನೆಗೆ ಬರಲಿ ಅಂತ ನಿಮ್ಮಲ್ಲಿ ಏನು ಹಾಕ್ತೀರ?"

ನಾನು ಎದ್ದೆ. ದೇವರ ಮುಂದೆ ದೀಪ ಹಚ್ಚಿದೆ. ಫೋಟೋ ಅಲ್ಲಿಡು ಎಂದು ಅವಳು ನನ್ನ ಕಡೆ ಚಾಚಿದಳು. ನಿನ್ನ ಕೈಯಲ್ಲೇ ಇರಲಿ ಎಂದೆ. ದೀಪ ಆರುವವರೆಗೂ ಅವಳು ಹಾಗೇ ಹಿಡಿದುಕೊಂಡು ಕೂತಿದ್ದಳು.

ಆರು ತಿಂಗಳಿಗೆ ಎಲೆನಾ ಡೆಟ್ರಾಯಿಟ್ ಕಡೆಗೇ ಹೋಗಿ ನೆಲೆಸಿದಳು. ಅಲ್ಲಿಯವರೆಗೂ ತಮ್ಮನಿಂದ ಕಾಗದ ಬಂದಿರಲಿಲ್ಲ. ಆಮೇಲಿನದು ನನಗೆ ಗೊತ್ತಿಲ್ಲ. ಆ ಸಂಜೆ ಒಂದು ಫೋಟೋ ಮುಟ್ಟಲು ನಾನು ಯಾಕೆ ಅಷ್ಟು ಹೆದರಿದೆನೋ, ಅದೂ ಗೊತ್ತಿಲ್ಲ.