ಪಂಜರವಿಲ್ಲದೆ ಹೋದ ಗಿಣಿ

ಕಾಡುಗೋಡಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಕೆಳಗಿನ ಅಂತಸ್ತಿನಲ್ಲಿ ಮನೆಯೊಡತಿ ಇದ್ದಾರೆ. ಎಪ್ಪತ್ತು ದಾಟಿದವರು, ಇದೇ ಊರಿನವರು. ಕಳೆದುಹೋದ ಹೊಲದ ಬಗ್ಗೆ ಅವರು ಗೋಳಾಡಿದ್ದನ್ನು ನಾನು ಕೇಳಿಲ್ಲ. ಯಾರಾದರೂ ದಾರಿ ಕೇಳಿದರೆ ಮಾತ್ರ, "ಆ ಗಾಜಿನ ಬಿಲ್ಡಿಂಗ್ ಐತಲ್ಲ, ನಮ್ ಕಣ ಇತ್ತಲ್ಲ, ಅಲ್ಲಿಂದ ಎಡಕ್ಕೋಗಿ" ಅನ್ನುತ್ತಾರೆ. ನಾನು ಪತ್ರಿಕೆಯ ಕಚೇರಿಯಲ್ಲಿ ಕೆಲಸ ಮಾಡುವುದರಿಂದ ಅವರಿಗೆ ನಾನು ಪೇಪರ್ ಸಾರ್. ನನಗೆ ಅವರು ಅಮ್ಮ.

ಅವರ ಪಡಸಾಲೆಯಲ್ಲಿ ಒಂದು ಗಿಣಿ ಇತ್ತು. ರಸ್ತೆ ಅಗಲ ಮಾಡಲು ಮನೆ ಮುಂದಿನ ಹಳೆಯ ಹೊಂಗೆಮರ ಉರುಳಿಸಿದಾಗ ಪೊಟರೆಯಿಂದ ಬಿದ್ದ ಮರಿ ಅದು. ಮೈಮೇಲೆ ಇನ್ನೂ ಪುಕ್ಕ ಮೂಡಿರಲಿಲ್ಲವಂತೆ. ಅಮ್ಮ ಹತ್ತಿಯ ಬತ್ತಿಯಲ್ಲಿ ರಾಗಿ ಅಂಬಲಿ ಅದ್ದಿ ಬಾಯಿಗಿಟ್ಟು ಉಳಿಸಿಕೊಂಡರು. ನಾನು ಆ ಮನೆಗೆ ಬರುವ ಹೊತ್ತಿಗೆ ಅದು ಕಬ್ಬಿಣದ ಪಂಜರದಲ್ಲಿ ಕುಳಿತು ಮನೆಯ ಹಿರಿಯರಂತೆ ಎಲ್ಲರನ್ನೂ ಗದರುತ್ತಿತ್ತು. ಒಲೆಯಿಂದ ಇಳಿಸಿದ ಮುದ್ದೆಯ ಮೊದಲ ಚಿಟಿಕೆ ಅದಕ್ಕೇ. ಆಮೇಲೆ ಒಂದು ಹಸಿಮೆಣಸಿನಕಾಯಿ. ರಸ್ತೆಯ ಧೂಳು ಒಳಗೆ ಬರುತ್ತದೆಂದು ಅಮ್ಮ ಸೊಸೆಗೆ ದಿನವಿಡೀ "ಬಾಗ್ಲಾಕು, ಬಾಗ್ಲಾಕು" ಎಂದು ಕೂಗುತ್ತಿದ್ದರು. ಗಿಣಿ ಕಲಿತದ್ದು ಅದೊಂದೇ ಮಾತು.

ಆ ಕೂಗು ಎದುರಿನ ಅಪಾರ್ಟ್‌ಮೆಂಟಿನವರೆಗೂ ಹೋಯಿತು. ಅಲ್ಲಿ ಯಾರೋ ಮೊಬೈಲಿನಲ್ಲಿ ವಿಡಿಯೊ ಮಾಡಿ ದೂರು ಕೊಟ್ಟರು. ಹಕ್ಕಿಗಳನ್ನು ರಕ್ಷಿಸುವ ಸಂಸ್ಥೆಯವರೆಂದು ಇಬ್ಬರು ಬಂದರು. ಸಭ್ಯರು. ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದರು. ನಮ್ಮ ಕಾಡಿನ ಗಿಣಿಯನ್ನು ಮನೆಯಲ್ಲಿ ಸಾಕುವುದು ಕಾನೂನಿಗೆ ವಿರುದ್ಧ ಎಂದರು. ಅಮ್ಮ ನನ್ನ ಮುಖ ನೋಡಿದರು. ನಿಜ ಎಂದು ನಾನು ಹೇಳಿದೆ. ಅದು ನಿಜವೇ ಆಗಿತ್ತು.

"ಎಲ್ಲಿ ಬಿಡ್ತೀರಪ್ಪಾ?"

"ಹಳೇ ತೋಟದಲ್ಲಿ ಪಕ್ಷಿಗಳ ಪಾರ್ಕ್ ಇದೆಯಲ್ಲ ಅಮ್ಮ, ಅಲ್ಲಿ. ದೊಡ್ಡ ಜಾಗ, ಜೊತೆಗೆ ಬೇರೆ ಗಿಣಿಗಳೂ ಇರ್ತವೆ. ಯಾವಾಗ ಬೇಕಾದ್ರೂ ಬಂದು ನೋಡಿ."

ಅಮ್ಮ ಒಪ್ಪಿದರು. ಬಂದವರು ಪಂಜರಕ್ಕೆ ಕೈಹಾಕಿದಾಗ ಮಾತ್ರ ತಡೆದರು. "ಅಕ್ಕಿ ತಗೊಂಡೋಗಿ. ಗೂಡು ಕೊಡಾಕಿಲ್ಲ."

ಹಕ್ಕಿಯನ್ನು ಕೊಟ್ಟು ಪಂಜರವನ್ನೇಕೆ ಉಳಿಸಿಕೊಳ್ಳುತ್ತಾರೆಂದು ಬಂದವರಿಗೆ ಅರ್ಥವಾಗಲಿಲ್ಲ. ಈ ಕಡೆಯ ಮನೆಗಳಲ್ಲಿ ಹಸು ಮಾರಿದರೂ ಅದರ ಹಗ್ಗವನ್ನು ಕೊಂಡವನಿಗೆ ಕೊಡುವುದಿಲ್ಲ. ಹಗ್ಗ ಬಿಚ್ಚಿ ಉಳಿಸಿಕೊಂಡು ಬರಿಯ ಹಸುವನ್ನು ಹೊರಡಿಸುತ್ತಾರೆ. ಹಗ್ಗವೂ ಹೋದರೆ ಕೊಟ್ಟಿಗೆಯ ಲಕ್ಷ್ಮಿಯೂ ಅದರ ಹಿಂದೆಯೇ ಹೋಗುತ್ತಾಳೆಂಬ ನಂಬಿಕೆ. ಅಮ್ಮನ ಮನೆಯಲ್ಲಿ ಹಸುಗಳು ಹೋಗಿ ಬಹಳ ಕಾಲವಾಗಿತ್ತು. ಅವುಗಳ ಹಗ್ಗಗಳು ಮಾತ್ರ ಅಟ್ಟದ ಮೇಲೆ ಈಗಲೂ ಇವೆ. ಬಂದವರು ವಾದ ಮಾಡದೆ ಮಿಕ್ಸಿಯ ಖಾಲಿ ರಟ್ಟಿನ ಡಬ್ಬಿಯೊಂದನ್ನು ಕೇಳಿ ಪಡೆದು, ಅದಕ್ಕೆ ತೂತು ಕೊರೆದು ಗಿಣಿಯನ್ನು ಒಯ್ದರು. ಡಬ್ಬಿಯೊಳಗಿನಿಂದ ಅದು ಗೇಟಿನವರೆಗೂ "ಬಾಗ್ಲಾಕು" ಎಂದು ಕೂಗುತ್ತಿತ್ತು. ಸೊಸೆ ನಕ್ಕುಬಿಟ್ಟಳು, ಆಮೇಲೆ ಒಳಗೆ ಹೋದಳು.

ನೋಡಲು ಹೋಗೋಣ ಎಂದು ಅಮ್ಮ ನೆನಪಿಸುತ್ತಲೇ ಇದ್ದರು. ನನಗೆ ರಜೆ ಸಿಕ್ಕ ಭಾನುವಾರ ಇಬ್ಬರೂ ಸರ್ಜಾಪುರದ ಕಡೆಯ ಬಸ್ಸು ಹತ್ತಿದೆವು. ಅವರ ಮಡಿಲಲ್ಲಿ ಸ್ಟೀಲಿನ ಡಬ್ಬಿ, ಅದರಲ್ಲಿ ಬಿಸಿಮುದ್ದೆಯ ಉಂಡೆ. ದಾರಿಯುದ್ದಕ್ಕೂ ಅವರಿಗೆ ಇದ್ದದ್ದು ಒಂದೇ ಚಿಂತೆ. "ನನ್ನ ಗುರ್ತು ಇಡೀತದಾ ಸಾರ್? ಮರ್ತಿದ್ರೂ ಪರ್ವಾಗಿಲ್ಲ. ತಿಂತಾ ಐತಾ ಅಂತ ನೋಡಿದ್ರೆ ಸಾಕು."

ಆ ತೋಟ ಬ್ರಿಟಿಷರ ಕಾಲದ್ದು. ಕಲ್ಲಿನ ಕಮಾನು, ನೀರಿಲ್ಲದ ಕಾರಂಜಿ, ವಾದ್ಯದವರು ಕೂರಲು ಕಟ್ಟಿದ್ದ ಮಂಟಪ, ಇಬ್ಬರು ತಬ್ಬಿದರೂ ಸಾಲದ ಮಳೆಮರಗಳು. ಈಗ ಅದರ ಉಸ್ತುವಾರಿ ಒಂದು ಕಂಪನಿಯದು. ತೋಟದ ಇತಿಹಾಸ ಹೇಳುವ ಫಲಕಕ್ಕಿಂತ ಕಂಪನಿಯ ಫಲಕ ದೊಡ್ಡದಿದೆ. ತೋಟ ಮಾಡಿಸಿದ ದೊರೆಯ ಹೆಸರು ಅಲ್ಲಿದೆ, ಈಗ ನೋಡಿಕೊಳ್ಳುವ ಕಂಪನಿಯ ಹೆಸರೂ ಇದೆ. ಗುಂಡಿ ತೋಡಿ ಮರ ನೆಟ್ಟವರು ಯಾರೆಂಬುದು ಎರಡರಲ್ಲೂ ಇಲ್ಲ. ಅಮ್ಮನ ತಂದೆ ಹುಡುಗನಾಗಿದ್ದಾಗ ಇಲ್ಲಿಗೆ ಎತ್ತಿನ ಗಾಡಿಯಲ್ಲಿ ಗೊಬ್ಬರ ಹೊಡೆದಿದ್ದರಂತೆ. ಹೇಳಿದ್ದು ಅಷ್ಟೇ, ಆಮೇಲೆ ಅವರು ಫಲಕದ ಕಡೆ ತಿರುಗಿಯೂ ನೋಡಲಿಲ್ಲ.

ಬಾಗಿಲಲ್ಲಿ ಚೀಲ ತಪಾಸಣೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದು ಮುದ್ದೆಯ ಡಬ್ಬಿಯನ್ನು ತೆಗೆದಿಟ್ಟುಕೊಂಡರು. "ನಾನ್ ತಿನ್ನಕ್ಕಲ್ಲಮ್ಮಾ" ಎಂದು ಅಮ್ಮ ತಪಾಸಣೆಯ ಹೆಣ್ಣುಮಗಳಿಗೆ ಹೇಳಿದರು. "ಯಾರು ತಿಂದ್ರೂ ಅಷ್ಟೇ ಅಜ್ಜಿ, ರೂಲ್ಸು." ಸೆರಗಿನ ಗಂಟಿನಲ್ಲಿದ್ದ ನಾಲ್ಕು ಮೆಣಸಿನಕಾಯಿ ಆಕೆಗೆ ಕಾಣಲಿಲ್ಲ. ಅಮ್ಮ ಒಳಗೆ ಬಂದ ಮೇಲೆ ಗಂಟನ್ನು ಮುಟ್ಟಿ ನೋಡಿಕೊಂಡು ಮೊದಲ ಸಲ ನಕ್ಕರು.

ಪಕ್ಷಿಗಳ ಪಾರ್ಕಿನ ಮುಂಭಾಗದಲ್ಲಿ ಪರದೇಶದ ಹಕ್ಕಿಗಳು. ಕೆಂಪು, ನೀಲಿ, ಹಳದಿಯ ದೊಡ್ಡ ದೊಡ್ಡ ಗಿಣಿಗಳು. ಭುಜದ ಮೇಲೆ ಹಕ್ಕಿ ಕೂರಿಸಿಕೊಂಡು ಫೋಟೊ ತೆಗೆಸಿಕೊಳ್ಳುವವರ ಸಾಲು ಉದ್ದವಿತ್ತು. ಕೊರಳಲ್ಲಿ ಆಫೀಸಿನ ಟ್ಯಾಗ್ ಹಾಕಿಕೊಂಡೇ ಬಂದಿದ್ದ ಒಂದು ಗುಂಪು. "ಮಗಾ, ಅಲ್ಲಾಡ್ಬೇಡ ಕಣೋ, ಹಕ್ಕೀನ ನಿನ್ನ ಮ್ಯಾನೇಜರ್ ಅನ್ಕೊಂಡು ಸುಮ್ನೆ ನಿಂತ್ಕೋ." ಎಲ್ಲರೂ ನಕ್ಕರು. ಹಕ್ಕಿ ಮಾತ್ರ ಅಲ್ಲಾಡಲಿಲ್ಲ.

"ಇವನ್ನ ಸಾಕಿದ್ರೆ ತಪ್ಪಿಲ್ವಾ?" ಅಮ್ಮ ಕೇಳಿದರು.

"ಪರವಾನಗಿ ಇದ್ರೆ ಸಾಕಬಹುದು ಅಮ್ಮ. ಇವು ಹೊರದೇಶದವು."

"ಸರಿಯಾಗೈತೆ. ಒರಗಿನವು ಇರ್ಬೋದು. ಇಲ್ಲೇ ಉಟ್ಟಿದ್ದು ಇರಂಗಿಲ್ಲ."

ಜನರಿಂದ ವಶಪಡಿಸಿಕೊಂಡ ಹಕ್ಕಿಗಳು ತೋಟದ ಹಿಂಭಾಗದಲ್ಲಿ, ಶೌಚಾಲಯ ದಾಟಿದ ಮೇಲೆ. ಮನೆಯೆತ್ತರದ ಬಲೆಮನೆ. ಒಳಗೆ ಕೊಂಬೆಗಳ ಮೇಲೆ ಹಸಿರು ಗಿಣಿಗಳ ಹಿಂಡು. ಎಲ್ಲವೂ ಒಂದೇ ಥರ. ಅಮ್ಮ ಬಲೆಗೆ ಮುಖವೊತ್ತಿ, ಒಂದು ಮೆಣಸಿನಕಾಯಿ ತೋರಿಸಿ, "ಬಾಗ್ಲಾಕು" ಎಂದರು. ಕೊಂಚ ಜೋರಾಗಿ ಮತ್ತೆ ಅಂದರು. ಅಲ್ಲಿಂದ ಹಾದುಹೋಗುತ್ತಿದ್ದ ದಂಪತಿ ತಮಗೇ ಹೇಳಿದರೆಂದು ತಿಳಿದು ಹಿಂತಿರುಗಿ ಶೌಚಾಲಯದ ಬಾಗಿಲು ಹಾಕಿದರು. ಗಿಣಿಗಳು ಕಿರುಚಾಡುತ್ತಲೇ ಇದ್ದವು. ಯಾವುದೂ ಆ ಮಾತು ಆಡಲಿಲ್ಲ.

ಕಾವಲಿನವನು ಬಂದ. ಯಾದಗಿರಿ ಕಡೆಯವನೆಂದು ಮಾತಿನಲ್ಲೇ ತಿಳಿಯಿತು. ಹಗಲು ಇಲ್ಲಿ ಕಾವಲು, ರಾತ್ರಿ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಕಾವಲು ಎಂದು ಆಮೇಲೆ ಹೇಳಿದ. ಕಣ್ಣು ಕೆಂಪಗಿದ್ದವು.

"ಬಾಗ್ಲಾಕು ಅಂತಿತ್ತಲ್ರೀ, ಅದಾ?" ಎಂದ. "ಮಿಕ್ಸಿ ಡಬ್ಬ್ಯಾಗ ಬಂದಿತ್ತು?"

"ಅದೇ ಕಣಪ್ಪ, ಅದೇ. ಯಾವ್ದು, ತೋರ್ಸು."

ಅವನು ನನ್ನ ಕಡೆ ನೋಡಿದ. ಆಮೇಲೆ ಅಮ್ಮನಿಗೇ ಹೇಳಿದ. "ಅದು ಹೋತು ನೋಡ್ರಿ ಯವ್ವಾ. ಬಂದ ವಾರದಾಗನ ಹೋತು."

"ಆರೋಯ್ತಾ?"

"ಹಾರಾಕ ಎಲ್ಲಿ ಬರ್ತಿತ್ರೀ ಅದಕ್ಕ. ಕೆಳಗ ಮೂಲ್ಯಾಗ ಕುಂತುಬಿಡ್ತು. ಕಾಳು ಮ್ಯಾಲ ಇಡ್ತೀವಿ, ಏರಿ ತಿನ್ಲಿಲ್ಲ. ಉಳಿದವು ಕುಕ್ಕಿದ್ವು." ಅವನಿಗೆ ಅಲ್ಲಿಗೆ ನಿಲ್ಲಿಸಬೇಕೆಂದು ಹೊಳೆಯಲಿಲ್ಲ. "ಗೂಡಿನ ಸಮೇತ ಬಂದಿದ್ರ ಬದುಕ್ತಿತ್ರೀ ಯವ್ವಾ. ಮನ್ಯಾಗ ಬೆಳೆದವಕ್ಕ ಅವುಗಳ ಗೂಡನ್ನ ಒಳಗಿಟ್ಟು ಬಾಗಲಾ ತಗದಿಡ್ತೀವಿ. ಅಂಜಿಕಿ ಆದಾಗ ಒಳಗ ಹೋಗಿ ಕುಂದರ್ತಾವ, ಅಲ್ಲೇ ತಿಂತಾವ. ಆ ಎರಡು ಅದಾವಲ್ಲ, ಅವು ಹಂಗ ಬಂದಾವ. ನಿಮ್ಮದನ್ನ ಬರೇ ಡಬ್ಬ್ಯಾಗ ತಂದಿದ್ರು."

ಬಲೆಮನೆಯ ಮೂಲೆಯಲ್ಲಿ, ಬಾಗಿಲು ತೆರೆದ ಎರಡು ತುಕ್ಕು ಹಿಡಿದ ಪಂಜರಗಳಿದ್ದವು. ಒಂದರೊಳಗೆ ಗಿಣಿಯೊಂದು ಪೇರಳೆ ತಿನ್ನುತ್ತಿತ್ತು. ಅಮ್ಮ ಅದನ್ನು ನೋಡುತ್ತಾ ನಿಂತರು. ಗಂಟಿನಲ್ಲಿದ್ದ ಮೆಣಸಿನಕಾಯಿಗಳನ್ನೆಲ್ಲ ಬಲೆಯ ಕಣ್ಣಿನಿಂದ ಒಳಗೆ ತೂರಿಸಿದರು. ಬೇರೆ ಗಿಣಿಗಳು ಇಳಿದು ಬಂದು ಕಿತ್ತಾಡಿದವು. ಹೊರಡುವಾಗ ಬಾಗಿಲಲ್ಲಿ ಮುದ್ದೆಯ ಡಬ್ಬಿಯನ್ನು ವಾಪಸು ಕೊಟ್ಟರು. ಮುದ್ದೆಯನ್ನು ಬಸ್ ನಿಲ್ದಾಣದ ಹತ್ತಿರ ಒಂದು ನಾಯಿಗೆ ಹಾಕಿದೆವು.

ಬಸ್ಸಿನಲ್ಲಿ ಕಾಡುಗೋಡಿ ಹತ್ತಿರ ಬಂದಾಗ ಅಮ್ಮ ಒಂದೇ ಮಾತು ಆಡಿದರು. "ಲಕ್ಸ್ಮಿ ಉಳ್ಕೊಂಡ್ಲು ಬಿಡಿ ಸಾರ್."

ಮಾರನೆಯ ವಾರ ಅವರು ಪಂಜರವನ್ನು ತಿಕ್ಕಿ ತೊಳೆದು, ನೀರಿನ ಕರಟವನ್ನು ಹೊಸ ದಾರದಲ್ಲಿ ಕಟ್ಟಿ, ಆಟೋದಲ್ಲಿ ಒಬ್ಬರೇ ತೋಟಕ್ಕೆ ಹೋದರು. ಮುಂದೆ ಬರೀ ಡಬ್ಬಿಯಲ್ಲಿ ಬರುವ ಯಾವುದಾದರೂ ಹಕ್ಕಿಗೆ ಇರಲಿ ಎಂದು. ಹೊರಗಿನ ಸಾಮಾನು ತೆಗೆದುಕೊಳ್ಳಲು ಮೇಲಿನವರ ಅನುಮತಿ ಬೇಕೆಂದರಂತೆ. ಅಮ್ಮ ಅದನ್ನು ಗೇಟಿನ ಪಕ್ಕದಲ್ಲೇ ಇಟ್ಟು ಬಂದರು.

ಆಮೇಲೆ ಒಮ್ಮೆ ಕೆಲಸದ ಮೇಲೆ ಸರ್ಜಾಪುರಕ್ಕೆ ಹೋದವನು ಅಮ್ಮನಿಗೆ ಹೇಳಿದ್ದಂತೆ ತೋಟಕ್ಕೂ ಹೋದೆ. ಬಲೆಮನೆಯಲ್ಲಿ ಆ ಪಂಜರ ಇರಲಿಲ್ಲ. ಅದು ಸಿಕ್ಕಿದ್ದು ಮಂಟಪದ ಬಳಿ, ಜನ ಫೋಟೊ ತೆಗೆಸಿಕೊಳ್ಳುವ ಹೂವಿನ ಕಮಾನಿನಲ್ಲಿ. ಚಿನ್ನದ ಬಣ್ಣ ಬಳಿದು, ಪ್ಲಾಸ್ಟಿಕ್ ಬಳ್ಳಿ ಸುತ್ತಿ ತೂಗುಹಾಕಿದ್ದರು. ಒಳಗೆ ಪ್ಲಾಸ್ಟಿಕ್ಕಿನದೇ ಒಂದು ಗಿಣಿ. ಅಮ್ಮ ಕಟ್ಟಿದ ಕರಟ ಹಾಗೆಯೇ ಇತ್ತು. ಅದಕ್ಕೂ ಬಣ್ಣ ಬಿದ್ದಿತ್ತು.

ಸಂಜೆ ಅಮ್ಮ ಮೆಟ್ಟಿಲ ಬಳಿ ಕಾದಿದ್ದರು. "ಗೂಡು ಐತಾ ಸಾರ್?"

"ಇದೆ ಅಮ್ಮ."

"ಒಳಗೆ ಏನಾರ ಐತಾ?"

"ಗಿಣಿ ಇದೆ."

"ಮಾತಾಡ್ತದಾ?"

"ಇನ್ನೂ ಇಲ್ಲ."

"ಒಸದು ಅಲ್ವಾ, ಎದ್ರಿಕೆ ಇರ್ತದೆ" ಎಂದು ಅವರು ಒಳಗೆ ಹೋದರು. ನಾನು ಹೇಳಿದ ಮೂರು ಮಾತುಗಳಲ್ಲಿ ತಿದ್ದಬೇಕಾದ ಸುಳ್ಳು ಒಂದೂ ಇರಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಬಾಗಿಲ ಚಿಲಕಕ್ಕೆ ಒಂದು ಪೊಟ್ಟಣ ಸಿಕ್ಕಿಸಿತ್ತು. ಹಸಿಮೆಣಸಿನಕಾಯಿ. ಆ ಕಡೆ ಹೋದಾಗ ಹಾಕಿ ಬನ್ನಿ ಎಂದು ಸೊಸೆಯ ಕೈಲಿ ಹೇಳಿ ಕಳಿಸಿದ್ದರು. ಈಗಲೂ ಆಗಾಗ ಪೊಟ್ಟಣ ಬರುತ್ತದೆ. ಅವು ನನ್ನ ಅಡುಗೆಮನೆಯಲ್ಲಿ ಖರ್ಚಾಗುತ್ತವೆ.