ಗುಂಡಿ ಡಬ್ಬಿಯಲ್ಲಿದ್ದ ಮಾತ್ರೆ

ತನ್ನ ಅಣ್ಣನ ಟೈಲರ್ ಅಂಗಡಿಯಲ್ಲಿ ಗುಂಡಿ ತೂರುವ ಕಾಜಾ ಹಾಕಿ ಗುಂಡಿ ಹೊಲಿಯುವುದೇ ಅವಳ ಕೆಲಸ. ನಾವೆಲ್ಲ ಅವಳನ್ನು ಕರೆಯುತ್ತಿದ್ದುದೂ ಕಾಜಾ ಎಂದೇ. ಪಕ್ಕದ ಮಿಷನ್ನು ನನ್ನದು. ಗಂಡ ಸಾಯುವಾಗ ಅವಳಿಗೆ ಬಿಟ್ಟುಹೋದ ಆಸ್ತಿ ಎಚ್‌ಐವಿ ಒಂದೇ. ನನ್ನವನೂ ಅಷ್ಟೇ ಧಾರಾಳಿ. ಆದರೆ ನಾನು ಒಂಟಿ. ದಿನದ ಮಾತ್ರೆ ನುಂಗಲು ಯಾರಪ್ಪನ ಅಪ್ಪಣೆಯೂ ಬೇಡ. ಅವಳಿದ್ದದ್ದು ಅಣ್ಣನ ಮನೆಯಲ್ಲಿ. ಗೊತ್ತಾದರೆ ಸೂರೂ ಹೋಗುತ್ತದೆ, ಕೆಲಸವೂ ಹೋಗುತ್ತದೆ.

ಮಾತ್ರೆ ಬಾಟಲಿ ಅಲ್ಲಾಡಿದರೆ ಸದ್ದು. ಅದಕ್ಕೇ ಬಿಳಿ ಮಾತ್ರೆಗಳನ್ನು ಕೋಟಿನ ಬಿಳಿ ಗುಂಡಿಗಳ ಜೊತೆ ಬೆರೆಸಿಟ್ಟಿದ್ದಳು. ಗುಂಡಿ ಡಬ್ಬಿ ಸದ್ದು ಮಾಡಿದರೆ ಯಾರು ಕೇಳುತ್ತಾರೆ? ಅತ್ತಿಗೆ ಅಂಗಡಿಗೆ ಬಂದು ಕೂತ ದಿನ ಮಾತ್ರೆ ಇಲ್ಲ. ಆ ಮಹಾತಾಯಿ ಬರದ ದಿನವೇ ಕಡಿಮೆ.

ಆಮೇಲೆ ಆಸ್ಪತ್ರೆಗೆ ಹೊಸ ಇಂಜೆಕ್ಷನ್ ಬಂತು. ಎರಡು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಸಾಕು, ಮಾತ್ರೆ ಬೇಡ. ಬಡವರಿಗೆಂದೇ ದೊಡ್ಡವರು ಹಣ ಹೂಡಿದ್ದಾರಂತೆ.

"ಅಕ್ಕ, ಇನ್ನು ಡಬ್ಬೀಲಿ ಬರೀ ಗುಂಡಿ," ಎಂದು ನಕ್ಕಳು. ಅವಳು ಹಲ್ಲು ಕಾಣುವಂತೆ ನಕ್ಕಿದ್ದನ್ನು ನಾನು ನೋಡಿದ್ದು ಅಂದೇ.

ನಮ್ಮಿಬ್ಬರ ರಕ್ತವನ್ನೂ ಪರೀಕ್ಷೆ ಮಾಡಿದರು.

"ನಿಮ್ಮ ರಕ್ತದಲ್ಲಿ ವೈರಸ್ ಜಾಸ್ತಿ ಇದೆ," ಎಂದಳು ನರ್ಸು ಅವಳಿಗೆ. "ಮಾತ್ರೆ ಸರಿಯಾಗಿ ತಗೊಳ್ಳೋರಿಗೆ ಮಾತ್ರ ಈ ಇಂಜೆಕ್ಷನ್."

"ಸರಿಯಾಗಿ ತಗೊಳ್ಳೋಕೆ ಆಗಿದ್ರೆ ಇದನ್ನ ಯಾಕೆ ಕೇಳ್ತಿದ್ದೆ ಸಿಸ್ಟರ್?"

"ರೂಲ್ಸ್ ನಾನು ಮಾಡಿದ್ದಲ್ಲಮ್ಮ."

ಸೂಜಿ ನನಗೆ ಸಿಕ್ಕಿತು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ಥೂ, ಆ ರೂಲ್ಸ್ ಮಾಡಿದವರ ಕೈಗೆ ಒಂದು ದಿನ ಆ ಡಬ್ಬಿ ಕೊಡಬೇಕಿತ್ತು.

ಒಂದು ಮಧ್ಯಾಹ್ನ ಗಿರಾಕಿ ಕೋಟಿಗಾಗಿ ಅವಸರ ಮಾಡುತ್ತಿದ್ದ. ಕಾಜಾ ನೀರು ತರಲು ಹೋಗಿದ್ದಳು. ಅಣ್ಣನೇ ಡಬ್ಬಿ ಸುರಿದ. ಒಂದನ್ನು ಎತ್ತಿ ತೂತು ಹುಡುಕಿದ, ತಿರುಗಿಸಿದ, ಮೂಸಿದ. ಅವನ ಗಮನ ಬೇರೆಡೆ ಸೆಳೆಯಲು ನೋಡಿದೆ. ಅವನು ಆಗಲೇ ಅದೇನೆಂದು ಕೇಳಲು ಎದುರಿನ ಮೆಡಿಕಲ್ ಶಾಪಿನ ಮೆಟ್ಟಿಲು ಹತ್ತಿದ್ದ.

ಸಂಜೆಗೆ ಅವಳ ಬಟ್ಟೆಯ ಗಂಟು ಫುಟ್‌ಪಾತಿನಲ್ಲಿತ್ತು. ಅವಳು ಕುಡಿದ ಲೋಟವನ್ನು ಅತ್ತಿಗೆ ಕಸಕ್ಕೆ ಎಸೆದಳು. ಅವಳ ಕತ್ತರಿಯನ್ನು ಮಾತ್ರ ಫಿನೈಲಿನಲ್ಲಿ ತೊಳೆದು ಒಳಗಿಟ್ಟುಕೊಂಡಳು. ಒಳ್ಳೆಯ ಕತ್ತರಿ, ನೋಡಿ.

ಈಗ ಅವಳು ನನ್ನ ಕೋಣೆಯಲ್ಲಿದ್ದಾಳೆ. ದಿನವೂ ತೆರೆದ ಬಾಗಿಲ ಬಳಿಯೇ ಕೂತು ಮಾತ್ರೆ ನುಂಗುತ್ತಾಳೆ. ಮೊನ್ನೆ ಅವಳ ರಕ್ತ ನೋಡಿ ನರ್ಸು ಹಿಗ್ಗಿದಳು.

"ವೈರಸ್ ಪೂರ್ತಿ ಇಳಿದಿದೆ. ಈಗ ನಿಮಗೂ ಇಂಜೆಕ್ಷನ್ ಸಿಗತ್ತಮ್ಮ."

"ಬೇಡ ಸಿಸ್ಟರ್," ಎಂದಳು ಕಾಜಾ. "ಈಗ ಮಾತ್ರೇನ ಯಾರಿಂದ ಬಚ್ಚಿಡಬೇಕು?"